ಹಾಂಗ್ ಕಾಂಗ್‌ನ ಹಳೆಯ ಬೇಕರಿ-ಕೆಫೆಗಳಿಗೆ ಯಾವ ಹೊತ್ತಿಗೆ ಹೋಗಬೇಕು, ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬಹುದು?

ನೀವು ಮಾಂಸ ತಿನ್ನುವುದಿಲ್ಲ, ಆದರೆ ಮೊಟ್ಟೆ ಆಗಬಹುದು. ಜೊತೆಗೆ ಬರುವ ನಿಮ್ಮ ತಾಯಿಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ ಎಂದು ಬರೆದಿದ್ದೀರಿ. ಉದ್ಯೋಗದ ನಿಮಿತ್ತ ಈ ಊರಿನಲ್ಲಿ ನೆಲೆಸಿರುವ ನಾನು ಬಿಡುವಿನ ಮಧ್ಯಾಹ್ನಗಳನ್ನು ಹೆಚ್ಚಾಗಿ ಇಂತಹ ಕೆಫೆಗಳಲ್ಲೇ ಕಳೆಯುತ್ತೇನಾದ್ದರಿಂದ ಧೈರ್ಯವಾಗಿ ಹೇಳಬಲ್ಲೆ: ನಿಮ್ಮಿಬ್ಬರಿಗೂ ಇಲ್ಲಿ ಸೊಗಸಾದ ತಿನಿಸುಗಳಿವೆ. ಆದರೆ ಇಬ್ಬರಿಗೂ ಒಂದೇ ಅಂಗಡಿಯಲ್ಲಿ ಸಿಗುವುದು ಅಪರೂಪ.

ಮೊದಲು ಕೊಬ್ಬಿನ ವಿಚಾರ ತಿಳಿದಿರಲಿ. ಚೀನೀ ಬೇಕರಿಯ ಪದರಪದರವಾದ ತಿನಿಸುಗಳಿಗೆ ಹಂದಿಯ ಕೊಬ್ಬನ್ನು ಬಳಸುವುದು ಹಳೆಯ ಪದ್ಧತಿ, ಮತ್ತು ಅದು ತಿನಿಸಿನ ಹೆಸರಿನಿಂದಾಗಲಿ ನೋಟದಿಂದಾಗಲಿ ಗೊತ್ತಾಗುವುದಿಲ್ಲ. ‘ವೈಫ್ ಕೇಕ್’ ಎಂಬ ಚಪ್ಪಟೆ ತಿನಿಸಿನೊಳಗೆ ಸಕ್ಕರೆಯಲ್ಲಿ ಪಾಕವಾದ ಬೂದುಗುಂಬಳವೂ ಎಳ್ಳೂ ಇರುತ್ತವೆ, ಕೇಳಿದರೆ ಪೂರ್ಣ ಸಸ್ಯಾಹಾರವೆಂದೇ ತೋರುತ್ತದೆ. ಆದರೆ ಅದರ ಹೊರಪದರ ಆ ಕೊಬ್ಬಿನಿಂದಲೇ ಬಿರಿಯುವುದು. ಈಗ ಹಲವು ಕಡೆ ಬೆಣ್ಣೆ ಅಥವಾ ವನಸ್ಪತಿ ಕೊಬ್ಬನ್ನು ಬಳಸುತ್ತಾರಾದರೂ ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವಿದೆ. ಆದ್ದರಿಂದ ‘ಇದರಲ್ಲಿ ಹಂದಿ ಕೊಬ್ಬು ಇದೆಯೇ, ಮೊಟ್ಟೆ ಇದೆಯೇ’ ಎಂಬ ಎರಡು ಪ್ರಶ್ನೆಗಳನ್ನು ಚೀನೀ ಲಿಪಿಯಲ್ಲಿ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ತೋರಿಸಿದರೆ ಯಾರೂ ಬೇಸರಿಸುವುದಿಲ್ಲ.

ನೀವು ತಪ್ಪದೆ ತಿನ್ನಬೇಕಾದದ್ದು ‘ಬೋ ಲೋ ಯಾವ್’, ಅಂದರೆ ಬೆಣ್ಣೆ ಇಟ್ಟ ಅನಾನಸ್ ಬನ್. ಹೆಸರು ಹಾಗಿದ್ದರೂ ಇದರಲ್ಲಿ ಅನಾನಸ್ ಇರುವುದಿಲ್ಲ. ಹಿಟ್ಟು, ಸಕ್ಕರೆ, ಮೊಟ್ಟೆ, ಕೊಬ್ಬು ಸೇರಿಸಿ ಮೇಲೆ ಹೊದಿಸಿದ ಪದರವು ಓವನ್ನಿನ ಶಾಖಕ್ಕೆ ಬಿರುಕುಬಿಟ್ಟು ಆ ಹಣ್ಣಿನ ಸಿಪ್ಪೆಯ ರೂಪ ತಾಳುತ್ತದೆ, ಅಷ್ಟೇ. ಮೋಂಗ್ ಕಾಕ್‌ನ ಬ್ಯೂಟ್ ಬೀದಿಯಲ್ಲಿರುವ ಕಾಮ್ ವಾ ಕೆಫೆ ಇದಕ್ಕೆ ಹೆಸರಾದ ಜಾಗ. ಆಗಷ್ಟೇ ಬೆಂದ ಬನ್ನನ್ನು ಅಡ್ಡಲಾಗಿ ಸೀಳಿ, ಫ್ರಿಜ್ಜಿನಿಂದ ತೆಗೆದ ಬೆಣ್ಣೆಯ ದಪ್ಪ ಹಲ್ಲೆಯೊಂದನ್ನು ನಡುವೆ ಇಟ್ಟು ಕೂಡಲೇ ಮೇಜಿಗೆ ತಂದಿಡುತ್ತಾರೆ. ಮೇಲಿನ ಪದರ ಹಲ್ಲಿಗೆ ಸಿಕ್ಕು ಪುಡಿಯಾಗುವಾಗ, ಬನ್ನು ಇನ್ನೂ ಹಬೆಯಾಡುತ್ತಿರುವಾಗ, ಬೆಣ್ಣೆಯ ಅಂಚು ಕರಗಿ ಒಳಗೆ ಇಳಿದಿದ್ದರೂ ಅದರ ನಡುಭಾಗ ಇನ್ನೂ ತಣ್ಣಗೆ ಗಟ್ಟಿಯಾಗಿರಬೇಕು; ಈ ಸ್ಥಿತಿ ಹೆಚ್ಚು ಹೊತ್ತು ಉಳಿಯುವುದಿಲ್ಲವಾದ್ದರಿಂದ ಫೋಟೋಗೆಂದು ತಡಮಾಡಬೇಡಿ. ಇದರ ಮೇಲಿನ ಪದರಕ್ಕೂ ಹಳೆಯ ಪಾಕವಿಧಾನದಲ್ಲಿ ಹಂದಿಯ ಕೊಬ್ಬು ಇರುತ್ತಿತ್ತು, ಕೇಳಿಯೇ ಮುಂದುವರಿಯಿರಿ.

ಚಿಪ್ಪಿನಂತಹ ಪುಟ್ಟ ಹಿಟ್ಟಿನ ಬಟ್ಟಲಲ್ಲಿ ಮೊಟ್ಟೆಯ ಸಿಹಿ ಕಸ್ಟರ್ಡ್ ತುಂಬಿ ಬೇಯಿಸಿದ ಎಗ್ ಟಾರ್ಟ್‌ನಲ್ಲಿ ಎರಡು ಬಗೆ. ಪದರುಪದರಾದ ಚಿಪ್ಪಿನದ್ದು ಒಂದು, ಬಿಸ್ಕತ್ತಿನಂತೆ ಮುರಿಯುವ ಚಿಪ್ಪಿನದ್ದು ಇನ್ನೊಂದು. ಹಂದಿಯ ಕೊಬ್ಬು ಸಾಂಪ್ರದಾಯಿಕವಾಗಿ ಸೇರುವುದು ಮೊದಲಿನದಕ್ಕೆ. ಎರಡನೆಯದನ್ನು ಸಾಮಾನ್ಯವಾಗಿ ಬೆಣ್ಣೆಯಲ್ಲಿ ಮಾಡುವುದರಿಂದ ನಿಮಗೆ ಅದೇ ಹೆಚ್ಚು ಅನುಕೂಲ. ಸೆಂಟ್ರಲ್ ಎಂಬ ಬಡಾವಣೆಯಲ್ಲಿ 1954ರಲ್ಲಿ ಆರಂಭವಾದ ತಾಯ್ ಚಿಯಾಂಗ್ ಬೇಕರಿ ಈ ಬಿಸ್ಕತ್ತಿನ ಬಗೆಗೆ ಪ್ರಸಿದ್ಧ; ಬ್ರಿಟಿಷ್ ಆಳ್ವಿಕೆಯ ಕೊನೆಯ ಗವರ್ನರ್ ಕ್ರಿಸ್ ಪ್ಯಾಟನ್ ಅದರ ಟಾರ್ಟನ್ನು ಮೆಚ್ಚಿಕೊಂಡಿದ್ದರೆಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಟಾರ್ಟಿನ ಮೇಲ್ಮೈ ನುಣುಪಾಗಿ ಹೊಳೆಯುತ್ತಾ, ತಟ್ಟೆ ಅಲುಗಿಸಿದರೆ ನಡುಭಾಗ ಸ್ವಲ್ಪ ತುಳುಕಿದಂತೆ ಕಂಡರೆ ಹದವಾಗಿದೆಯೆಂದು ತಿಳಿಯಿರಿ.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ಇಲ್ಲಿನ ದುಡಿಯುವ ಜನರ ಚಹಾದ ಹೊತ್ತು ಮಧ್ಯಾಹ್ನ ಮೂರೂಕಾಲು ಎಂಬುದು ರೂಢಿಯ ಮಾತು, ಮತ್ತು ಆ ಸುಮಾರಿಗೆ ಬೇಕರಿಗಳಿಂದ ಬಿಸಿ ಟ್ರೇಗಳು ಹೊರಬರುತ್ತವೆ. ಬೆಳಗಿನ ಹೊತ್ತೂ ಒಳ್ಳೆಯದೇ, ಆದರೆ ನೂಕುನುಗ್ಗಲು ಹೆಚ್ಚು. ಸಂಜೆಯ ನಂತರ ಗಾಜಿನ ಕಪಾಟಿನಲ್ಲಿ ಉಳಿದ ಬನ್ನನ್ನು ತಿಂದು ಈ ತಿನಿಸಿನ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ತಾಯಿಯವರಿಗೆ ಬನ್ನುಗಳು ಆಗಿಬರಲಾರವು, ಏಕೆಂದರೆ ಅವುಗಳ ಮೇಲೆ ಹೊಳಪಿಗಾಗಿ ಮೊಟ್ಟೆ ಸವರುವುದು ವಾಡಿಕೆ. ಅವರನ್ನು ಸಿಹಿತಿನಿಸಿನ ಅಂಗಡಿಗೆ ಕರೆದೊಯ್ಯಿರಿ. ಅಲ್ಲಿ ಶುಂಠಿಹಾಲು ಎಂಬುದೊಂದಿದೆ: ಬಲಿತ ಶುಂಠಿಯ ರಸವನ್ನು ಬಟ್ಟಲಿನ ತಳದಲ್ಲಿಟ್ಟು, ಸುಮಾರು 70 ಡಿಗ್ರಿಗೆ ಕಾಯಿಸಿದ ಸಕ್ಕರೆ ಹಾಲನ್ನು ಒಮ್ಮೆಲೇ ಸುರಿದು ಅಲುಗಾಡಿಸದೆ ಬಿಟ್ಟರೆ, ಶುಂಠಿಯಲ್ಲಿರುವ ಕಿಣ್ವದಿಂದ ಹಾಲು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಚಮಚದಲ್ಲಿ ಎತ್ತಿದಾಗ ಅದು ನಮ್ಮ ಗಿಣ್ಣಿನ ಹಾಗೆಯೇ ನಡುಗುತ್ತದೆ, ನುಂಗಿದ ಮೇಲೆ ಗಂಟಲಿನಲ್ಲಿ ಶುಂಠಿಯ ಖಾರ ನಿಲ್ಲುತ್ತದೆ. ಮೂಲ ಪದ್ಧತಿಯಲ್ಲಿ ಇದಕ್ಕೆ ಮೊಟ್ಟೆ ಬೇಕಿಲ್ಲ, ಆದರೂ ಕೆಲವರು ಗಟ್ಟಿಯಾಗಲೆಂದು ಬಿಳಿಭಾಗ ಸೇರಿಸುತ್ತಾರೆ. ಇದರ ಪಕ್ಕದಲ್ಲೇ ಮಾರುವ ‘ಎರಡು ಕೆನೆಯ ಹಾಲಿ’ನಲ್ಲಂತೂ ಮೊಟ್ಟೆಯ ಬಿಳಿಭಾಗ ಇದ್ದೇ ಇರುತ್ತದೆ.

ಯಾವ ಅನುಮಾನವೂ ಬೇಡವೆಂದರೆ ಶಾಮ್ ಶುಯ್ ಪೋದ ಪೆಯ್ ಹೋ ಬೀದಿಯಲ್ಲಿರುವ ಕುಂಗ್ ವೋ ಅಂಗಡಿಯಲ್ಲಿ ‘ಟೌ ಫು ಫಾ’ ಕೇಳಿ. ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ, ಚಪ್ಪಟೆ ಸೌಟಿನಿಂದ ತೆಳುವಾಗಿ ಕೆರೆದು, ಸಕ್ಕರೆಯೊಂದಿಗೆ ಬಿಸಿಯಾಗಿಯೋ ತಣ್ಣಗೋ ಕೊಡುತ್ತಾರೆ. ಆದರೆ ಅದೇ ಅಂಗಡಿಯ ಕರಿದ ತೋಫುವಿನಲ್ಲಿ ಮೀನಿನ ಹೂರಣ ತುಂಬಿದ್ದೂ ಇರುವುದರಿಂದ ಬೇರೆ ತಟ್ಟೆಗಳ ಕಡೆಗೆ ಕೈಹಾಕಬೇಡಿ. ಸಿಹಿ ಅಂಗಡಿಗಳಲ್ಲಿ ಸಿಗುವ ಕರಿ ಎಳ್ಳಿನ ಬಿಸಿ ಪಾಯಸವೂ ಕಿತ್ತಳೆ ಜಾತಿಯ ಹಣ್ಣಿನ ಒಣಸಿಪ್ಪೆ ಹಾಕಿ ಬೇಯಿಸಿದ ಕೆಂಪು ಕಾಳಿನ ಪಾಯಸವೂ ಅವರಿಗೆ ಹಿಡಿಸುತ್ತವೆ. ಮಾವಿನ ಪುಡಿಂಗಿನಲ್ಲಿ ಮಾತ್ರ ಪ್ರಾಣಿಮೂಲದ ಜೆಲಟಿನ್ ಇರುವ ಸಾಧ್ಯತೆ ಹೆಚ್ಚು.

ಕುಳಿತುಕೊಳ್ಳುವಾಗ ಅಪರಿಚಿತರೊಂದಿಗೆ ಮೇಜು ಹಂಚಿಕೊಳ್ಳಬೇಕಾಗುತ್ತದೆ, ಮಾಣಿಗಳು ಅವಸರದಲ್ಲಿರುತ್ತಾರೆ. ಅದನ್ನು ಅಗೌರವವೆಂದು ಭಾವಿಸಬೇಡಿ. ಹಲವು ಕಡೆ ಕಾರ್ಡು ನಡೆಯುವುದಿಲ್ಲ, ಚಿಲ್ಲರೆ ಹಣ ಇಟ್ಟುಕೊಳ್ಳಿ. ತಾಯಿಯವರೊಂದಿಗೆ ಬರುವುದರಿಂದ ಮೊದಲ ದಿನ ಶಾಮ್ ಶುಯ್ ಪೋಗೆ ಹೋಗಿ ಅವರಿಗೆ ಟೌ ಫು ಫಾ ಕೊಡಿಸಿ, ಅಲ್ಲಿಂದ ಮೆಟ್ರೋದಲ್ಲಿ ಮುಂದಿನ ನಿಲ್ದಾಣವಾದ ಪ್ರಿನ್ಸ್ ಎಡ್ವರ್ಡ್‌ನಲ್ಲಿ ಇಳಿದರೆ, ನಿಮ್ಮ ಬೆಣ್ಣೆ ಬನ್ನಿನ ಬೀದಿಗೆ ಸ್ವಲ್ಪ ನಡೆದರೆ ಸಾಕು.