2147483647 ಅವಿಭಾಜ್ಯ ಸಂಖ್ಯೆ ಅಂತ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಗೊತ್ತಾಯಿತು? ಅದರ ವಿಶೇಷ ಏನು?

ಇದು 2ರ 31ನೇ ಘಾತದಿಂದ 1 ಕಳೆದರೆ ಸಿಗುವ ಸಂಖ್ಯೆ. ಈ ರೂಪದ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಎನ್ನುತ್ತಾರೆ, ಇದು ಎಂಟನೆಯದು.

ಅವಿಭಾಜ್ಯ ಅಂತ ಸಾಧಿಸಿದ್ದು ಗಣಿತಜ್ಞ ಆಯ್ಲರ್, 1772ರಲ್ಲಿ, ಅದೂ ಕೈಲೆಕ್ಕದಲ್ಲಿ! ವರ್ಗಮೂಲ ಸುಮಾರು 46341, ಹಾಗಾಗಿ ಅಲ್ಲಿವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಆದರೆ ಅವೇ ನಾಲ್ಕು ಸಾವಿರಕ್ಕೂ ಜಾಸ್ತಿ ಇವೆ. ಸುಮ್ನೆ ಒಂದೊಂದೇ ಭಾಗಿಸುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಇಲ್ಲೊಂದು ಉಪಾಯವಿದೆ: ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇದ್ದರೆ ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು, 8ರಿಂದ ಭಾಗಿಸಿದಾಗ 1 ಅಥವಾ 7 ಬರಬೇಕು. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರುವ ಅವಿಭಾಜ್ಯಗಳನ್ನಷ್ಟೇ ನೋಡಬೇಕು. 63, 249 ಅವಿಭಾಜ್ಯಗಳೇ ಅಲ್ಲ, ಬಿಡಿ. ಮೊದಲು ಸಿಗುವುದು 311. ಅದರಿಂದ ನಮ್ಮ ಸಂಖ್ಯೆಯನ್ನು ಭಾಗಿಸಿದರೆ ಶೇಷ 35, ಅಂದರೆ ಅದು ಅಪವರ್ತನ ಅಲ್ಲ. ಹೀಗೆ ನೋಡಬೇಕಾದವು ನೂರಕ್ಕೂ ಕಡಿಮೆ. ನನಗೆ ಈ ಸಂಖ್ಯೆಯಲ್ಲಿ ತುಂಬಾ ಇಷ್ಟವಾಗುವುದು ಇದೇ.

ಇದನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128, ಒಂದು ಪರಿಪೂರ್ಣ ಸಂಖ್ಯೆ. ಅಂದರೆ ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತ ಅದೇ ಸಂಖ್ಯೆ. ಇನ್ನು 2147483647 ಅನ್ನು 4ರಿಂದ ಭಾಗಿಸಿದರೆ ಶೇಷ 3 ಬರುವುದರಿಂದ, ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದೇ ಇಲ್ಲ.

ಪ್ರೋಗ್ರಾಮ್ ಬರೆಯುವವರಿಗೆ ಇದು ಹಳೇ ಪರಿಚಯ ಅಲ್ವಾ? ಬೈನರಿಯಲ್ಲಿ ಸಾಲಾಗಿ 31 ಒಂದುಗಳು, 32 ಬಿಟ್‌ಗಳಲ್ಲಿ ಒಂದು ಪ್ಲಸ್-ಮೈನಸ್ ಚಿಹ್ನೆಗೇ ಹೋಗುತ್ತೆ, ಹಾಗಾಗಿ ಚಿಹ್ನೆ ಇರುವ 32 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಬೆಲೆ ಇದೇ.