ಗುಳಿಗೆ, ಪೆಪ್ಟೈಡ್ ಪುಡಿ, ಓಸಿ ಚೀಟಿ

ಜಮಖಂಡಿ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ನಮ್ಮಪ್ಪಗ ಪಾರ್ಕಿನ್ಸನ್. ದಿನಕ್ಕ ಮೂರು ಸಲ ಲೆವೊಡೋಪಾ ಗುಳಿಗಿ, ಜೊತಿಗೆ ಪ್ರಮಿಪೆಕ್ಸೋಲ್. ಪರಿಚಯದವರು ‘ಮಿದುಳಿನ ಪೆಪ್ಟೈಡ್’ ಅಂತ ಒಂದು ಪ್ರೋಟೀನ್ ಪುಡಿ ಕೊಟ್ಟಾರ. ಹಾಲಿಗೆ ಕಲಸಿ ಗುಳಿಗಿ ಜೋಡಿನ ಕೊಡತೀವಿ. ಕೈಕಾಲು ಬಿಗಿಯೋದು ಹೆಚ್ಚಾಗೇತಿ. ಎಂದೂ ಇಸ್ಪೀಟ್ ಮುಟ್ಟದವರು ಈಗ ಓಸಿ ಬರಸಾಕ ಹೊಂಟಾರ. ಪೆಪ್ಟೈಡಿಗೂ ಡೋಪಮೈನಿಗೂ ಏನ್ ಸಂಬಂಧ?”

ಸಂಬಂಧ ಇದೆ, ಆದರೆ ಡಬ್ಬಿಯಲ್ಲಿ ಬರುವ ಪೆಪ್ಟೈಡಿಗಲ್ಲ. ಡೋಪಮೈನ್ ಎಂದರೆ ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ; ಪಾರ್ಕಿನ್ಸನ್ ರೋಗದಲ್ಲಿ ಅದು ಕಡಿಮೆಯಾಗುತ್ತದೆ, ಲೆವೊಡೋಪಾ ಮಿದುಳಿನೊಳಗೆ ಹೋಗಿ ಡೋಪಮೈನ್ ಆಗುತ್ತದೆ. ಮೊದಲು ಆ ಪುಡಿ ನಿಲ್ಲಿಸಿರಿ.

ಪೆಪ್ಟೈಡ್ ಎಂದರೆ ಅಮಿನೋ ಆಮ್ಲಗಳ ಗಿಡ್ಡ ಸರಪಳಿ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೊಸ್ಟರ್‌ಲಿಟ್ಜ್ ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಎನ್‌ಕೆಫಲಿನ್‌ನಲ್ಲಿ ಐದೇ ಕೊಂಡಿ. ಸಬ್‌ಸ್ಟನ್ಸ್ ಪಿಯಲ್ಲಿ 11, ಡೈನಾರ್ಫಿನ್ ಎಯಲ್ಲಿ 17. ಇವನ್ನು ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. ನುಂಗಿದ ಪುಡಿ ಕರುಳಿನಲ್ಲಿ ಚೂರಾಗಿ ಬರೀ ಅಮಿನೋ ಆಮ್ಲವಾಗುತ್ತದೆ. ಅಷ್ಟೇ ಆಗಿದ್ದರೆ ರೊಕ್ಕ ಹೋಯಿತೆಂದು ಸುಮ್ಮನಿರಬಹುದಿತ್ತು. ಆದರೆ ಲೆವೊಡೋಪಾ ಕೂಡ ಒಂದು ಅಮಿನೋ ಆಮ್ಲ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಲ್ಯೂಸಿನ್, ಫೀನೈಲಾಲನೈನ್ ಮುಂತಾದವು ಹೋಗುವ ಬಾಗಿಲೇ ಇದಕ್ಕೂ ಬೇಕು. ಪುಡಿ ಮತ್ತು ಹಾಲು ಕೂಡಿ ಆ ಬಾಗಿಲಲ್ಲಿ ನೂಕುನುಗ್ಗಲು ಮಾಡಿದರೆ ಔಷಧಿ ಹೊರಗೇ ಉಳಿಯುತ್ತದೆ. ಬಿಗಿತ ಹೆಚ್ಚಿದ್ದಕ್ಕೆ ಇದೇ ಕಾರಣವಿರುವ ಸಂಭವ ಬಹಳ.

ಇನ್ನು ಮಿದುಳಿನ ಸ್ವಂತ ಪೆಪ್ಟೈಡುಗಳ ಮಾತು. ಚಲನೆಯನ್ನು ತೂಗಿಸುವ ಮಿದುಳಿನ ಭಾಗವಾದ ಸ್ಟ್ರಯಾಟಮ್‌ನಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ಚಲನೆಗೆ ದಾರಿ ಬಿಡುವವುಗಳ ಮೇಲೆ ಡಿ1 ಗ್ರಾಹಕ (ಡೋಪಮೈನ್ ಬಂದು ಕೂಡುವ ತಾಣ), ಒಳಗೆ ಸಬ್‌ಸ್ಟನ್ಸ್ ಪಿ ಮತ್ತು ಡೈನಾರ್ಫಿನ್. ತಡೆಯುವವುಗಳ ಮೇಲೆ ಡಿ2, ಒಳಗೆ ಎನ್‌ಕೆಫಲಿನ್. ಡೋಪಮೈನ್ ಮೊದಲನೆಯವನ್ನು ಎಬ್ಬಿಸುತ್ತದೆ, ಎರಡನೆಯವನ್ನು ಸುಮ್ಮನಾಗಿಸುತ್ತದೆ. ಅದು ಕಡಿಮೆಯಾದಾಗ ಸಬ್‌ಸ್ಟನ್ಸ್ ಪಿ ತಯಾರಿಕೆ ಇಳಿದು ಎನ್‌ಕೆಫಲಿನ್ ತಯಾರಿಕೆ ಏರುತ್ತದೆ, ಮೈ ಮಿಸುಕದಂತಾಗುತ್ತದೆ. ಲೆವೊಡೋಪಾ ಬಹುಕಾಲ ಕೊಟ್ಟ ಇಲಿಗಳಲ್ಲಿ ಡೈನಾರ್ಫಿನ್ ತಯಾರಿಕೆ ವಿಪರೀತ ಏರಿದ್ದು, ಮೈ ತಾನಾಗಿ ತಿರುಚುವ ತೊಂದರೆ ಅದರ ಜೊತೆಜೊತೆಗೇ ಕಂಡದ್ದು ದಾಖಲಾಗಿದೆ.

ಓಸಿಯ ವಿಷಯ ಬೇರೆ ಕವಲಿನದು. ನಡುಮಿದುಳಿನಿಂದ ಮಿದುಳಿನ ಇನ್ನೊಂದು ಭಾಗವಾದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ಗೆ ಹೋಗುವ ಡೋಪಮೈನ್ ಬಯಕೆಯನ್ನು, ‘ಇನ್ನೊಂದು ಸಲ’ ಎಂಬ ಸೆಳೆತವನ್ನು ನಡೆಸುತ್ತದೆ. ಅದನ್ನು ಬಿಡುವ ಕೋಶಗಳನ್ನು ಗಾಬಾ ಎಂಬ ತಡೆಯುವ ರಾಸಾಯನಿಕದ ಕೋಶಗಳು ಹತ್ತಿಕ್ಕಿರುತ್ತವೆ. ಎನ್‌ಕೆಫಲಿನ್, ಬೀಟಾ-ಎಂಡಾರ್ಫಿನ್‌ಗಳು ಮ್ಯೂ ಎಂಬ ತಮ್ಮ ಗ್ರಾಹಕದ ಮೂಲಕ ಗಾಬಾ ಕೋಶಗಳ ಬಾಯಿ ಮುಚ್ಚಿಸಿದಾಗ ಡೋಪಮೈನ್ ಹರಿಯುತ್ತದೆ. ಅತಿಯಾಯಿತೋ, ಡಿ1 ಮೂಲಕ ಡೈನಾರ್ಫಿನ್ ಹೆಚ್ಚಿ, ಕಪ್ಪಾ ಎಂಬ ತನ್ನ ಗ್ರಾಹಕ ಹಿಡಿದು ಡೋಪಮೈನ್ ಬಿಡುಗಡೆಗೇ ಲಗಾಮು ಹಾಕುತ್ತದೆ.

ಪ್ರಮಿಪೆಕ್ಸೋಲ್ ಈ ಲಗಾಮಿಗೆ ಸಿಗುವುದಿಲ್ಲ. ಅದು ಬಿಡುಗಡೆಗಾಗಿ ಕಾಯದೆ ನೇರವಾಗಿ ಗ್ರಾಹಕ ಹಿಡಿಯುತ್ತದೆ; ಅದರ ಒಲವು ಡಿ3 ಎಂಬ ಡೋಪಮೈನ್ ಗ್ರಾಹಕದ ಮೇಲೆ, ಡಿ3 ದಟ್ಟವಾಗಿರುವುದು ಅಕ್ಯುಂಬೆನ್ಸ್‌ನಲ್ಲಿ. ಪಾರ್ಕಿನ್ಸನ್‌ನಲ್ಲಿ ಚಲನೆಯ ಕವಲು ಒಣಗಿದಷ್ಟು ಈ ಕವಲು ಒಣಗಿರುವುದಿಲ್ಲ. ಒಣ ಹೊಲಕ್ಕೆಂದು ಕಾಲುವೆ ಬಿಟ್ಟರೆ ಮೊದಲೇ ಹಸಿಯಿದ್ದ ಪಕ್ಕದ ಕಬ್ಬಿನ ಹೊಲ ಜವಳು ಹಿಡಿದಂತೆ. ಅಮೆರಿಕ ಮತ್ತು ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು: ಹೀಗೆ ನೇರವಾಗಿ ಡೋಪಮೈನ್ ಗ್ರಾಹಕ ಹಿಡಿಯುವ ಗುಂಪಿನ ಔಷಧಿ ತೆಗೆದುಕೊಳ್ಳುವವರಲ್ಲಿ 17.1%, ಉಳಿದವರಲ್ಲಿ 6.9% ಮಂದಿಗೆ ಜೂಜು, ಖರೀದಿ, ತಿನ್ನುವುದು ಅಥವಾ ಕಾಮದ ಹಿಡಿತ ತಪ್ಪಿತ್ತು. ಆದ್ದರಿಂದ ತಂದೆಯವರನ್ನು ‘ಮುದುಕಾಗಿ ಕೆಟ್ಟರು’ ಎಂದು ಬೈಯಬೇಡಿರಿ.

ಹಾಗೆಂದು ಗುಳಿಗೆಯನ್ನು ನೀವೇ ನಿಲ್ಲಿಸಬಾರದು. ಪ್ರಮಿಪೆಕ್ಸೋಲ್ ತಟ್ಟನೆ ಬಿಟ್ಟರೆ ದಿಗಿಲು, ಬೆವರು, ತೀವ್ರ ಖಿನ್ನತೆ ಬರಬಹುದು. ಲೆವೊಡೋಪಾ ತಟ್ಟನೆ ನಿಂತರೆ ಜ್ವರ, ಮೈ ಸೆಟೆಯುವುದು, ಜೀವಕ್ಕೇ ಅಪಾಯ. ಓಸಿಯ ಸಂಗತಿ ಮುಚ್ಚಿಡದೆ ಇದೇ ವಾರ ನರರೋಗ ತಜ್ಞರಿಗೆ ಹೇಳಿರಿ. ಅವರು ಪ್ರಮಿಪೆಕ್ಸೋಲನ್ನು ಹಂತಹಂತವಾಗಿ ಇಳಿಸಿ, ಬೇಕಾದರೆ ಲೆವೊಡೋಪಾ ಪ್ರಮಾಣ ಹೊಂದಿಸುತ್ತಾರೆ. ಅಲ್ಲಿಯವರೆಗೆ ಪಿಂಚಣಿ ಪಾಸ್‌ಬುಕ್, ಎಟಿಎಂ ಕಾರ್ಡು ಮನೆಯ ಬೇರೆಯವರ ಹತ್ತಿರ ಇರಲಿ.

ಲೆವೊಡೋಪಾ ಊಟಕ್ಕೆ ಅರ್ಧ ತಾಸು ಮೊದಲು ಅಥವಾ ಊಟವಾಗಿ ಒಂದು ತಾಸಿನ ಮೇಲೆ, ಬರೀ ನೀರಿನ ಜೊತೆ ಕೊಡಿರಿ. ಹೊಟ್ಟೆ ತೊಳಸಿದರೆ ಜೊತೆಗೆ ಒಂದು ತುಣುಕು ಒಣ ರೊಟ್ಟಿ ಸಾಕು. ಹಗಲು ರೊಟ್ಟಿ, ಬದನೆಕಾಯಿ ಪಲ್ಯ. ಪ್ರೋಟೀನ್ ಹೆಚ್ಚಿರುವ ಝುಣಕ, ಕಾಳು, ಶೇಂಗಾ ಹಿಂಡಿ, ಮೊಸರು ರಾತ್ರಿಗೆ. ಪ್ರೋಟೀನ್ ಪೂರಾ ಬಿಡಿಸಬೇಡಿರಿ, ತೂಕ ಇಳಿಯುತ್ತದೆ. ಕಬ್ಬಿಣದ ಗುಳಿಗೆ ಇದ್ದರೆ ಎರಡು ತಾಸು ಅಂತರವಿರಲಿ. ನಸಗುನ್ನಿ ಬೀಜದ ಪುಡಿಯಲ್ಲಿ ಲೆವೊಡೋಪಾವೇ ಇದೆ. ವೈದ್ಯರಿಗೆ ತಿಳಿಸದೆ ಸೇರಿಸಿದರೆ ಪ್ರಮಾಣ ಕೈ ತಪ್ಪುತ್ತದೆ. ವಾಂತಿಗೆಂದು ಅಂಗಡಿಯಲ್ಲಿ ಮೆಟೊಕ್ಲೊಪ್ರಮೈಡ್ ಕೊಟ್ಟರೆ ಬೇಡವೆನ್ನಿರಿ: ಅದು ಮಿದುಳಿನೊಳಗೆ ಹೋಗಿ ಡಿ2 ಗ್ರಾಹಕವನ್ನೇ ಮುಚ್ಚಿ ಬಿಗಿತ ಹೆಚ್ಚಿಸುತ್ತದೆ.

— ಸಂ.