ಗೇಟಿನಿಂದ ಹಿಂದಿರುಗಿದವರು ಮತ್ತೆ ಹೋಗುವುದು ಹೇಗೆ?

ಹಾಸನ ಜಿಲ್ಲೆಯ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ಹೀಗೆ ಬರೆದಿದ್ದಾರೆ: "ನನ್ನ ಯಜಮಾನರು ಮೂರು ವಾರ ಆಸ್ಪತ್ರೆಯಲ್ಲಿದ್ದು, ಕುಡಿತ ಬಿಟ್ಟು ಮನೆಗೆ ಬಂದಿದ್ದಾರೆ. ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬಯಸುವವರು ಪರಸ್ಪರ ನೆರವಾಗುವ ಕೂಟ) ಮೀಟಿಂಗಿಗೆ ಹೋಗುತ್ತಿರಬೇಕೆಂದು ಡಾಕ್ಟರು ಹೇಳಿದ್ದರು. ವಿಳಾಸ ಹುಡುಕಿಕೊಂಡು ಹೋದರೆ ಅದು ಚರ್ಚಿನ ಆವರಣ. ಇವರು ಗೇಟಿನಿಂದಲೇ ಹಿಂದಿರುಗಿದರು. ಒಳಗೆ ಮತದ ಬೋಧನೆ ಮಾಡುತ್ತಾರೇನೋ, ಗುರುತಿನವರು ನೋಡಿದರೆ ಮರ್ಯಾದೆ ಏನಾಗಬೇಕು ಎಂಬ ಅಳುಕು. ಬೇರೆ ದಾರಿ ಇದೆಯೇ?"

ಮನೆಯಿಂದ ಹೊರಟು ಆ ಗೇಟಿನವರೆಗೆ ಹೋದದ್ದು ಸಣ್ಣ ಮಾತಲ್ಲ. ಹಿಂದಿರುಗಿದ್ದನ್ನು ಸೋಲೆಂದು ದಯವಿಟ್ಟು ಎಣಿಸಬೇಡಿ. ಒಳಗೆ ಯಾರಿದ್ದಾರೆಂದು ತಿಳಿಯದೆ ಒಬ್ಬರೇ ಹೋದದ್ದರಿಂದ ಹಾಗಾಯಿತು ಎಂದು ನನಗೆ ತೋರುತ್ತದೆ. ಆದ್ದರಿಂದ ಮತ್ತೆ ಹೋಗುವ ಮೊದಲು ಆ ಗುಂಪಿನವರಿಗೆ ಒಂದು ಫೋನು ಮಾಡಿ, "ಹೊಸಬರೊಬ್ಬರು ಬರುತ್ತಾರೆ, ಬಾಗಿಲ ಬಳಿ ಯಾರಾದರೂ ನಿಂತಿರಬಹುದೇ?" ಎಂದು ಕೇಳಿ. ಕೇಳಲು ಸಂಕೋಚ ಬೇಡ, ಹೊಸಬರನ್ನು ಎದುರುಗೊಳ್ಳುವುದನ್ನು ಅಲ್ಲಿನವರು ತಮ್ಮ ಚೇತರಿಕೆಯ ಭಾಗವೆಂದೇ ತಿಳಿಯುತ್ತಾರೆ. ಆ ಕೂಟ ಹುಟ್ಟಿದ್ದೂ ಒಂದು ಫೋನಿನಿಂದಲೇ. 1935ರ ಮೇ ತಿಂಗಳಲ್ಲಿ, ಕುಡಿತ ಬಿಟ್ಟು ಐದು ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬವರು ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ, ವ್ಯವಹಾರ ಕೈಕೊಟ್ಟ ನಿರಾಸೆಯಲ್ಲಿ, ಪಕ್ಕದ ಬಾರಿನ ಸದ್ದು ಕೇಳುತ್ತ ನಿಂತಿದ್ದರು. ಒಳಗೆ ಹೋಗುವ ಬದಲು ಊರಿನ ಚರ್ಚುಗಳ ಪಟ್ಟಿ ನೋಡಿ ಫೋನು ಮಾಡಿ, ತನ್ನಂತೆಯೇ ಕುಡಿತದಿಂದ ನೊಂದ ಇನ್ನೊಬ್ಬರೊಡನೆ ಮಾತನಾಡಬೇಕೆಂದು ಕೇಳಿಕೊಂಡರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಆ ಇಬ್ಬರ ಮಾತುಕತೆಯೇ ಬೆಳೆದು ಆಲ್ಕೋಹಾಲಿಕ್ಸ್ ಅನಾನಿಮಸ್ ಆಯಿತು.

ಚರ್ಚಿನ ವಿಷಯಕ್ಕೆ ಬರೋಣ. ಎಎ ಯಾವ ಮತಕ್ಕೂ ಸೇರಿದ್ದಲ್ಲ. ಸದಸ್ಯರು ತಾವೇ ಹಾಕಿದ ಕಾಣಿಕೆಯಿಂದ ನಡೆಯುವ ಕೂಟವಾದ್ದರಿಂದ, ಕಡಿಮೆ ಬಾಡಿಗೆಗೆ ಸಂಜೆ ಹೊತ್ತು ಖಾಲಿ ಸಿಗುವ ಚರ್ಚಿನ ಕೊಠಡಿ, ಶಾಲೆ, ಆಸ್ಪತ್ರೆಗಳಲ್ಲಿ ಸಭೆ ಸೇರುತ್ತದೆ. ಚೇತರಿಕೆಗಾಗಿ ಅವರು ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವುದು ನಿಜ, ಆದರೆ ಅದು "ನಾವು ಅರಿತುಕೊಂಡಂತಹ ದೇವರು". ನಿಮ್ಮ ಯಜಮಾನರಿಗೆ ಅದು ಮನೆದೇವರಾಗಬಹುದು, ಆ ಗುಂಪಿನ ಬಲವೇ ಆಗಲೂಬಹುದು. ಶುಲ್ಕವಿಲ್ಲ, ಹಾಜರಿಪುಸ್ತಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಗುರುತಿನವರು ಒಳಗೆ ಸಿಕ್ಕರೆ, ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ.

ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಜೊತೆ ನಾನು ಅಂಥ ಒಂದು ತೆರೆದ ಸಭೆಗೆ, ಎಂದರೆ ಕುಡಿತದ ಸಮಸ್ಯೆ ಇಲ್ಲದವರೂ ಬರಬಹುದಾದ ಸಭೆಗೆ, ಹೋಗಿದ್ದೆ. ಶಾಲೆಯ ಕೊಠಡಿ, ಮಕ್ಕಳು ಕೂರುವ ಗಿಡ್ಡ ಬೆಂಚುಗಳು, ಹಲಗೆಯ ಮೇಲೆ ಅಳಿಸದೆ ಉಳಿದ ಭಿನ್ನರಾಶಿಯ ಲೆಕ್ಕ. ಒಬ್ಬರು, ಮಗಳ ಫೀಸಿಗೆಂದು ತೆಗೆದಿಟ್ಟ ಹಣದಲ್ಲಿ ಕುಡಿದ ಸಂಜೆಯನ್ನು ವಿವರಿಸಿದರು. ಯಾರೂ ಛೀ ಎನ್ನಲಿಲ್ಲ, ಯಾರೂ ಬುದ್ಧಿ ಹೇಳಲಿಲ್ಲ. ಚಹಾ ಹಂಚುತ್ತಿದ್ದ ಹಿರಿಯರು ಎಲ್ಲರಿಗೂ ಲೋಟ ತುಂಬಿಸಿ ಕೊಟ್ಟು, ನನ್ನ ಗೆಳೆಯರಿಗೆ ಮಾತ್ರ ಅರ್ಧ ಲೋಟ ಕೊಟ್ಟರು. ಗೆಳೆಯರ ಕೈ ನಡುಗುತ್ತಿದ್ದುದನ್ನು ಜೊತೆಯಲ್ಲೇ ಬಂದಿದ್ದ ನಾನು ಗಮನಿಸಿರಲಿಲ್ಲ. ಎಷ್ಟೇ ಪ್ರೀತಿಯಿದ್ದರೂ ನಮ್ಮಂಥವರಿಗೆ ಕಾಣದ್ದು ಅದೇ ನೋವು ಉಂಡವರಿಗೆ ಕಾಣುತ್ತದೆ. ಡಾಕ್ಟರು ಮೀಟಿಂಗಿಗೆ ಹೋಗಿ ಎಂದದ್ದರ ಅರ್ಥ ನನಗೆ ಅಂದು ಆಯಿತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ವರದಿಯೂ, ಪೂರ್ತಿಯಾಗಿ ಕುಡಿತ ಬಿಟ್ಟಿರಲು ಈ ಮಾರ್ಗ ಇತರ ಆಪ್ತಸಲಹೆಯ ವಿಧಾನಗಳಿಗೆ ಕಡಿಮೆಯಿಲ್ಲ, ಹಲವು ಬಾರಿ ಅವುಗಳಿಗಿಂತ ಮೇಲು ಎಂದಿದೆ.

ಒಂದೇ ಸಭೆಗೆ ಹೋಗಿ ತೀರ್ಮಾನಕ್ಕೆ ಬರಬೇಡಿ. ಒಂದು ಗುಂಪು ಇಂಗ್ಲಿಷಿನಲ್ಲಿ ನಡೆಯಬಹುದು, ಇನ್ನೊಂದು ಅಪ್ಪಟ ಕನ್ನಡದಲ್ಲಿ. ಬೇರೆ ಬೇರೆ ಕಡೆ ನಾಲ್ಕೈದು ಸಲ ಕೂತು ನೋಡಲಿ. ಊರಿನಲ್ಲೇ ಗುರುತು ಹತ್ತುವ ಭಯವಿದ್ದರೆ ಪಕ್ಕದ ತಾಲ್ಲೂಕಿಗೆ ಹೋಗಬಹುದು, ಮೊಬೈಲಿನಲ್ಲಿ ಆನ್‌ಲೈನ್ ಸಭೆಗೂ ಸೇರಬಹುದು. ಇಷ್ಟಾಗಿಯೂ ಎಎ ಒಗ್ಗದಿದ್ದರೆ, ಧರ್ಮಸ್ಥಳದ ಆಶ್ರಯದಲ್ಲಿ ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ಮುಗಿಸಿದವರ ನವಜೀವನ ಸಮಿತಿಗಳಿವೆ. ಗ್ರಾಮಾಭಿವೃದ್ಧಿ ಯೋಜನೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿ. ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತಳಮಳಕ್ಕೆ ಕನ್ನಡದಲ್ಲೇ ಮಾತನಾಡಲು ಟೆಲಿ ಮಾನಸ್, 14416.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸಭೆ ಔಷಧಕ್ಕೆ ಬದಲಿಯಲ್ಲ, ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸಬಾರದು. ಅಕಸ್ಮಾತ್ ಮತ್ತೆ ಕುಡಿತ ಶುರುವಾಗಿ ದಿನಗಟ್ಟಲೆ ನಡೆದರೆ, ಮನೆಯಲ್ಲೇ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬರುವ, ಎರಡು ಮೂರು ದಿನಗಳಲ್ಲಿ ಬುದ್ಧಿಭ್ರಮೆಯಾಗುವ ಅಪಾಯವಿರುವುದರಿಂದ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಇಡೀ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ, ಅದು ನನ್ನನ್ನು ಕಾಡಿತು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಕೂಟವಿದೆ. ಬಿಲ್ ಅವರ ಪತ್ನಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರೊಡನೆ ಕಟ್ಟಿದ್ದು. ಫೋನು ಮಾಡಿದಾಗ ಅದರ ಸಭೆ ಹತ್ತಿರದಲ್ಲಿ ಎಲ್ಲಿದೆಯೆಂದೂ ಕೇಳಿ. ಜೊತೆಗೆ, ತೆರೆದ ಸಭೆ ಯಾವ ವಾರವೆಂದು ತಿಳಿದುಕೊಳ್ಳಿ. ಅಂದು ಮನೆಯವರೂ ಒಳಗೆ ಹೋಗಿ ಕೂರಬಹುದು. ನಿಮ್ಮ ಯಜಮಾನರು ಒಪ್ಪಿದರೆ, ಆ ಗೇಟನ್ನು ನೀವಿಬ್ಬರೂ ಜೊತೆಯಾಗಿಯೇ ದಾಟಬಹುದು.

— ಸಂಪಾದಕ